ಜಿಮ್ಮಿ ಕಾರ್ಟರ್ ಅವರ ಆ ನಾಲ್ಕು ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಡಿಸೆಂಬರ್ 29ರಂದು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತೀರಿಕೊಂಡಾಗ ಅವರಿಗೆ ನೂರು ವರ್ಷ ತುಂಬಿತ್ತು. ಅವರ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವುದು ಒಂದೇ ಮಾತು: ಮನುಷ್ಯ ಒಳ್ಳೆಯವರು, ಅಧ್ಯಕ್ಷರಾಗಿ ಸೋತರು. ಈ ಮಾತು ಅರ್ಧ ಮಾತ್ರ ಸರಿ ಅಂತ ನನಗೆ ಅನ್ನಿಸುತ್ತದೆ. 1977ರಿಂದ 1981ರವರೆಗೆ ಅವರ ಮೇಲೆ ಬಿದ್ದ ಹೊರೆ ಎಂಥದ್ದು, ಅದರಲ್ಲಿ ಅವರೇ ತಂದುಕೊಂಡದ್ದು ಎಷ್ಟು ಅಂತ ಬಿಡಿಸಿ ನೋಡಬೇಕು. ಈ ವಿಷಯ ಎತ್ತಿದಾಗ ಜನ ಕೇಳುವ ಪ್ರಶ್ನೆಗಳಿಗೆ ನನ್ನ ಉತ್ತರ ಇಲ್ಲಿದೆ.

ಕಡಲೆಕಾಯಿ ಬೆಳೆಯುತ್ತಿದ್ದವರು ಅಧ್ಯಕ್ಷರಾಗಿದ್ದು ಹೇಗೆ?

ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಪುಟ್ಟ ಊರು ಅವರದು. ಬರೀ ರೈತ ಅಂದುಕೊಂಡರೆ ತಪ್ಪು. ನೌಕಾಪಡೆಯ ಅಕಾಡೆಮಿಯಲ್ಲಿ ಓದಿ, ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿಗಳ ಯೋಜನೆಯಲ್ಲಿ ಕೆಲಸ ಮಾಡಿದವರು. 1953ರಲ್ಲಿ ಅಪ್ಪ ತೀರಿಕೊಂಡ ಮೇಲೆ ಊರಿಗೆ ಮರಳಿ ಮನೆಯ ಕಡಲೆಕಾಯಿ ವ್ಯವಹಾರ ನೋಡಿಕೊಂಡರು. ಮುಂದೆ ರಾಜ್ಯದ ಗವರ್ನರ್ ಆದರು.

1976ರಲ್ಲಿ ಅಮೆರಿಕದ ಜನ ಬೇಸತ್ತಿದ್ದರು. ವಿಯೆಟ್ನಾಂ ಯುದ್ಧ ಸೋಲಿನಲ್ಲಿ ಮುಗಿದಿತ್ತು. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟಿದ್ದರು. ನಂತರ ಬಂದ ಫೋರ್ಡ್ ಅವರು ನಿಕ್ಸನ್‌ಗೆ ಕ್ಷಮೆ ಕೊಟ್ಟಿದ್ದು ಬಹಳ ಜನರಿಗೆ ಹಿಡಿಸಲಿಲ್ಲ. ಅಂಥ ಹೊತ್ತಿನಲ್ಲಿ, ನಾನು ನಿಮಗೆ ಯಾವತ್ತೂ ಸುಳ್ಳು ಹೇಳುವುದಿಲ್ಲ ಅನ್ನುತ್ತ ಹೊರಗಿನವರೊಬ್ಬರು ಬಂದರು. ಜನ ನಂಬಿದರು. ಆದರೂ ಗೆಲುವು ದೊಡ್ಡದಲ್ಲ. ರಾಜ್ಯಗಳ ಲೆಕ್ಕದಲ್ಲಿ ಸಿಗುವ, ಅಧ್ಯಕ್ಷರನ್ನು ತೀರ್ಮಾನಿಸುವ ಎಲೆಕ್ಟೋರಲ್ ಮತಗಳಲ್ಲಿ ಇವರಿಗೆ 297, ಫೋರ್ಡ್‌ಗೆ 240. ಪ್ರಮಾಣವಚನದ ದಿನ ಕಾರಿನಿಂದ ಇಳಿದು, ಹೆಂಡತಿ ರೋಸಲಿನ್ ಅವರ ಕೈ ಹಿಡಿದು ಶ್ವೇತಭವನದವರೆಗೆ ನಡೆದೇ ಹೋದರು.

ಬೆಲೆ ಏರಿಕೆಗೆ ಕಾರ್ಟರ್ ಅವರೇ ಕಾರಣ ಅಲ್ವಾ?

ಪೂರ್ತಿ ಅಲ್ಲ, ಪೂರ್ತಿ ನಿರಪರಾಧಿಯೂ ಅಲ್ಲ.

ಕಾಯಿಲೆ ಶುರುವಾಗಿ ಆಗಲೇ ಹತ್ತು ವರ್ಷ ದಾಟಿತ್ತು. 1960ರ ದಶಕದಲ್ಲಿ ಯುದ್ಧಕ್ಕೂ ಒಳನಾಡಿನ ಯೋಜನೆಗಳಿಗೂ ಸರ್ಕಾರ ಒಟ್ಟೊಟ್ಟಿಗೆ ಖರ್ಚು ಮಾಡಿತು. 1971ರಲ್ಲಿ ನಿಕ್ಸನ್ ಡಾಲರ್‌ಗೂ ಚಿನ್ನಕ್ಕೂ ಇದ್ದ ಕೊಂಡಿ ಕಳಚಿದರು, ಬೆಲೆಗಳನ್ನು ಕಾನೂನಿನಿಂದ ತಡೆಹಿಡಿದರು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಕಾರ್ಟರ್ ಬರುವ ಹಿಂದಿನ ವರ್ಷ ಹಣದುಬ್ಬರ ಶೇ 6ರ ಹತ್ತಿರ ಇತ್ತು. ನಿರುದ್ಯೋಗ ಶೇ 7.7 ಇತ್ತು.

ಅವರು ಮೊದಲು ಗಮನ ಕೊಟ್ಟದ್ದು ಉದ್ಯೋಗಕ್ಕೆ. ಅದು ಫಲ ಕೊಟ್ಟಿತು. 1979ರ ಹೊತ್ತಿಗೆ ನಿರುದ್ಯೋಗ ಶೇ 6ರ ಆಸುಪಾಸಿಗೆ ಇಳಿಯಿತು. ಆದರೆ ಬೆಲೆ ಏರುತ್ತಲೇ ಹೋಯಿತು. 1979ರಲ್ಲಿ ಹಣದುಬ್ಬರ ಶೇ 11 ದಾಟಿತು. 1980ರಲ್ಲಿ ಸರಾಸರಿ ಶೇ 13.5. ವೇತನ ಮತ್ತು ಬೆಲೆಗೆ ಸ್ವಯಂಪ್ರೇರಿತ ಮಿತಿ ಹಾಕಿಕೊಳ್ಳಿ ಅಂತ ಕಂಪನಿಗಳನ್ನೂ ಕಾರ್ಮಿಕ ಸಂಘಗಳನ್ನೂ ಕೇಳಿಕೊಂಡರು. ಕೇಳಿಕೊಂಡರೆ ಬೆಲೆ ಇಳಿಯುತ್ತದೆಯೇ? ಅಲ್ಲಿ ಎರಡು ವರ್ಷ ಕೈಬಿಟ್ಟು ಹೋಯಿತು. 1978ರಲ್ಲಿ ಅವರು ಫೆಡರಲ್ ರಿಸರ್ವ್‌ಗೆ, ಅಂದರೆ ನಮ್ಮ ರಿಸರ್ವ್ ಬ್ಯಾಂಕಿನಂಥ ಅಮೆರಿಕದ ಕೇಂದ್ರ ಬ್ಯಾಂಕಿಗೆ, ನೇಮಿಸಿದ ವಿಲಿಯಂ ಮಿಲ್ಲರ್ ಬಡ್ಡಿ ಏರಿಸಲು ಹಿಂದೆಮುಂದೆ ನೋಡಿದರು. ಇದು ಕಾರ್ಟರ್ ಅವರದೇ ಆಯ್ಕೆ, ಅವರದೇ ತಪ್ಪು.

ಹಾಗಾದರೆ ವೋಲ್ಕರ್ ಕಥೆ ಏನು?

ಈ ನಾಲ್ಕು ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ತೀರ್ಮಾನ ಇದು. ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ.

1979ರ ಆಗಸ್ಟ್‌ನಲ್ಲಿ ಕಾರ್ಟರ್ ಪಾಲ್ ವೋಲ್ಕರ್ ಅವರನ್ನು ಫೆಡರಲ್ ರಿಸರ್ವ್‌ನ ಅಧ್ಯಕ್ಷರನ್ನಾಗಿ ಮಾಡಿದರು. ಆರಡಿ ಏಳಂಗುಲದ ಆಳು. ಮಾತು ಕಡಿಮೆ, ಹಟ ಜಾಸ್ತಿ. ಬಡ್ಡಿ ಏರಿಸದೆ ದಾರಿಯಿಲ್ಲ ಅನ್ನುವುದು ಅವರ ನಿಲುವು. ಅದನ್ನು ಅವರು ಕಾರ್ಟರ್ ಎದುರು ಮುಚ್ಚಿಡಲೂ ಇಲ್ಲ. ಇವರನ್ನು ತಂದರೆ ಮುಂದಿನ ಚುನಾವಣೆ ಕೈತಪ್ಪುತ್ತದೆ ಅಂತ ಹತ್ತಿರದವರು ಎಚ್ಚರಿಸಿದ್ದೂ ಉಂಟು. ಕಾರ್ಟರ್ ನೇಮಿಸಿದರು.

ಅಕ್ಟೋಬರ್ 6, ಶನಿವಾರ ಸಂಜೆ ವೋಲ್ಕರ್ ಪತ್ರಕರ್ತರನ್ನು ಕರೆದರು. ಇನ್ನು ಮುಂದೆ ಬಡ್ಡಿ ದರಕ್ಕೆ ಗುರಿ ಇಡುವುದಿಲ್ಲ, ಮಾರುಕಟ್ಟೆಯಲ್ಲಿ ಎಷ್ಟು ಹಣ ಓಡಾಡಬೇಕು ಅನ್ನುವುದನ್ನು ಹಿಡಿತಕ್ಕೆ ತರುತ್ತೇವೆ, ಬಡ್ಡಿ ಎಲ್ಲಿಗೆ ಹೋಗುತ್ತದೋ ಹೋಗಲಿ ಎಂಬರ್ಥದ ಘೋಷಣೆ ಅದು.

ಅದು ಯಾಕೆ ಬೇಕಿತ್ತು? ನಾಳೆ ಬೆಲೆ ಏರುತ್ತದೆ ಅಂತ ಎಲ್ಲರೂ ನಂಬಿಬಿಟ್ಟರೆ, ಆ ನಂಬಿಕೆಯೇ ಬೆಲೆ ಏರಿಸುತ್ತದೆ. ಕಾರ್ಮಿಕರು ಮುಂದಿನ ವರ್ಷದ ಬೆಲೆ ಲೆಕ್ಕ ಹಾಕಿ ಸಂಬಳ ಕೇಳುತ್ತಾರೆ. ಅಂಗಡಿಯವರು ಆ ಸಂಬಳ ಲೆಕ್ಕ ಹಾಕಿ ಬೆಲೆ ಇಡುತ್ತಾರೆ. ಮನೆಯವರು ಇವತ್ತೇ ತಂದಿಟ್ಟುಕೊಳ್ಳೋಣ ಅನ್ನುತ್ತಾರೆ. ಈ ಸುಳಿಯಿಂದ ಹೊರಗೆ ಬರಬೇಕಾದರೆ ಸರ್ಕಾರ ಈ ಸಲ ಅರ್ಧಕ್ಕೆ ಬಿಡುವುದಿಲ್ಲ ಅಂತ ಜನರಿಗೆ ಖಾತ್ರಿಯಾಗಬೇಕು. ಹಿಂದಿನ ಹತ್ತು ವರ್ಷದಲ್ಲಿ ಪ್ರತಿ ಸಲವೂ ಅರ್ಧಕ್ಕೆ ಬಿಟ್ಟಿದ್ದರು.

ಖಾತ್ರಿಗೆ ತೆತ್ತ ಬೆಲೆ ಘೋರವಾಗಿತ್ತು. 1980ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ದೊಡ್ಡ ಗಿರಾಕಿಗಳಿಗೆ ಕೊಡುವ ಸಾಲದ ಬಡ್ಡಿ ಶೇ 20 ಮುಟ್ಟಿತು. ಅದೇ ವಸಂತದಲ್ಲಿ ಕಾರ್ಟರ್ ಸಾಲದ ಮೇಲೆ ನಿಯಂತ್ರಣ ತಂದರು. ಜನ ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಅಂದರೆ ಕ್ರೆಡಿಟ್ ಕಾರ್ಡ್ ಕತ್ತರಿಸಿ ಶ್ವೇತಭವನಕ್ಕೆ ಅಂಚೆಯಲ್ಲಿ ಕಳಿಸಿದರು. ಖರೀದಿ ದಿಢೀರ್ ಕುಸಿಯಿತು. ಬಡ್ಡಿ ಇಳಿಯಿತು. ನಿಯಂತ್ರಣ ತೆಗೆದ ಮೇಲೆ ಮತ್ತೆ ಏರಿ, ಡಿಸೆಂಬರ್ ಹೊತ್ತಿಗೆ ಶೇ 21.5 ಆಯಿತು. ಮುಂದಿನ ಒಂದೆರಡು ವರ್ಷ ಮನೆ ಕಟ್ಟುವವರು ಸಿಟ್ಟಿನಿಂದ ಮರದ ತುಂಡುಗಳನ್ನೇ ಫೆಡರಲ್ ರಿಸರ್ವ್‌ಗೆ ಕಳಿಸುತ್ತಿದ್ದರು. ಕಾರು ಮಾರುವವರು ಮಾರಾಟವಾಗದ ಕಾರುಗಳ ಬೀಗದಕೈ ಕಳಿಸಿದರು.

ಹಣದುಬ್ಬರ 1983ರಲ್ಲಿ ಶೇ 3ರ ಹತ್ತಿರಕ್ಕೆ ಬಂತು. ಆಗ ಶ್ವೇತಭವನದಲ್ಲಿ ಕಾರ್ಟರ್ ಅವರನ್ನು ಸೋಲಿಸಿದ ರೇಗನ್ ಇದ್ದರು. ಔಷಧಿಯ ಕಹಿಗೆ ಕಾರ್ಟರ್ ಹೆಸರು ಅಂಟಿತು, ಗುಣವಾದದ್ದಕ್ಕೆ ರೇಗನ್ ಹೆಸರು ಬಂತು. ರೇಗನ್ ಕೂಡ 1982ರ ಕಷ್ಟಕಾಲದಲ್ಲಿ ವೋಲ್ಕರ್ ಬೆನ್ನಿಗೆ ನಿಂತರು, ಅದನ್ನು ಒಪ್ಪಲೇಬೇಕು. ಆದರೆ ಮೊದಲ ಹೆಜ್ಜೆ ಇಟ್ಟವರು ಕಾರ್ಟರ್.

ಪೆಟ್ರೋಲ್‌ಗೆ ಅಷ್ಟುದ್ದ ಕ್ಯೂ ಯಾಕಿತ್ತು?

1978ರ ಕೊನೆಯಲ್ಲಿ ಇರಾನಿನ ಎಣ್ಣೆ ಕಾರ್ಮಿಕರು ಮುಷ್ಕರ ಹೂಡಿದರು. ಉತ್ಪಾದನೆ ಬಿದ್ದುಹೋಯಿತು. ನಿಜವಾಗಿ ಕಡಿಮೆಯಾದ ಎಣ್ಣೆ ಅಷ್ಟೇನೂ ದೊಡ್ಡದಲ್ಲ. ಭಯ ದೊಡ್ಡದಾಗಿತ್ತು. ಎಲ್ಲರೂ ಟ್ಯಾಂಕ್ ತುಂಬಿಸಿಟ್ಟುಕೊಳ್ಳಲು ಓಡಿದರು. ಜೊತೆಗೆ ನಿಕ್ಸನ್ ಕಾಲದಿಂದ ಬಂದ ಬೆಲೆ ನಿಯಂತ್ರಣ ಮತ್ತು ಹಂಚಿಕೆಯ ನಿಯಮಗಳಿದ್ದವು. ಅದರಿಂದ ಒಂದು ಕಡೆ ಎಣ್ಣೆ ಉಳಿದರೆ ಇನ್ನೊಂದು ಕಡೆ ಬಂಕ್ ಖಾಲಿ. 1979ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮ, ಬೆಸ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ಹಾಕಿದರು. ಜೂನ್‌ನಲ್ಲಿ ಕ್ಯೂ ಪೂರ್ವದ ಊರುಗಳಿಗೂ ಬಂತು. ಸೀಮೆಎಣ್ಣೆಗೆ ರೇಷನ್ ಅಂಗಡಿ ಮುಂದೆ ಕ್ಯಾನ್ ಇಟ್ಟು ಕಾದವರಿಗೆ ಆ ಚಡಪಡಿಕೆ ಗೊತ್ತು. ಕಾರಿಲ್ಲದೆ ಹಾಲೂ ತರಲಾಗದ ಊರುಗಳಲ್ಲಿ ಅದು ಇನ್ನೂ ಜಾಸ್ತಿ.

ಬೆಲೆ ನಿಯಂತ್ರಣವನ್ನು ಹಂತಹಂತವಾಗಿ ತೆಗೆಯುತ್ತೇನೆ ಅಂತ ಕಾರ್ಟರ್ ಅದೇ ವರ್ಷದ ಏಪ್ರಿಲ್‌ನಲ್ಲಿ ಹೇಳಿದ್ದರು. ಅದೂ ಸರಿಯಾದ ಕೆಲಸವೇ. ಆದರೆ ಮೊದಲಿಗೆ ಬೆಲೆ ಏರುತ್ತದೆ, ಫಲ ನಿಧಾನವಾಗಿ ಬರುತ್ತದೆ.

ಎಣ್ಣೆಯ ಬಗ್ಗೆ ಅವರು ಮೊದಲಿನಿಂದಲೇ ಎಚ್ಚರಿಸುತ್ತಿದ್ದರು. ಅಧ್ಯಕ್ಷರಾದ ಎರಡೇ ವಾರಕ್ಕೆ ಸ್ವೆಟರ್ ಹಾಕಿಕೊಂಡು ಟಿವಿ ಮುಂದೆ ಕೂತು, ಮನೆ ಬಿಸಿ ಮಾಡುವ ಯಂತ್ರದ ಉಷ್ಣತೆ ತಗ್ಗಿಸಿ ಅಂತ ಜನರನ್ನು ಕೇಳಿದರು. 1979ರ ಜೂನ್‌ನಲ್ಲಿ ಶ್ವೇತಭವನದ ಛಾವಣಿ ಮೇಲೆ 32 ಸೌರ ಫಲಕ ಹಾಕಿಸಿದರು. ನೀರು ಕಾಯಿಸುವಂಥವು, ನಮ್ಮ ಬೆಂಗಳೂರಿನ ಮನೆಗಳ ಮೇಲಿನ ಸೋಲಾರ್ ಹೀಟರ್ ಇದ್ದಂತೆ. 1986ರಲ್ಲಿ ಛಾವಣಿ ರಿಪೇರಿ ಹೊತ್ತಿಗೆ ಅವನ್ನು ಇಳಿಸಿದವರು ಮತ್ತೆ ಏರಿಸಲಿಲ್ಲ.

ಟಿವಿ ಭಾಷಣದಲ್ಲಿ ಜನರನ್ನೇ ಬೈದರಂತೆ, ನಿಜವೇ?

1979ರ ಜುಲೈ 15ರ ಭಾಷಣದ ವಿಷಯ ಇದು. ಅದಕ್ಕೆ ಮುಂಚೆ ಹತ್ತು ದಿನ ಅಧ್ಯಕ್ಷರ ವಿಶ್ರಾಂತಿ ತಾಣವಾದ ಕ್ಯಾಂಪ್ ಡೇವಿಡ್‌ನಲ್ಲಿ ಕೂತು ರಾಜಕಾರಣಿಗಳು, ಪಾದ್ರಿಗಳು, ಅರ್ಥಶಾಸ್ತ್ರಜ್ಞರು, ಸಾಮಾನ್ಯ ಜನ ಎಲ್ಲರನ್ನೂ ಕರೆಸಿ ಕೇಳಿದರು. ಅವರು ಮಾಡಿದ ಟೀಕೆಗಳನ್ನು ಟಿವಿಯಲ್ಲಿ ಓದಿಯೂ ಹೇಳಿದರು. ನೀವು ದೇಶವನ್ನು ಮುನ್ನಡೆಸುತ್ತಿಲ್ಲ, ಬರೀ ಸರ್ಕಾರ ನಿಭಾಯಿಸುತ್ತಿದ್ದೀರಿ ಎಂಬ ಮಾತೂ ಅದರಲ್ಲಿತ್ತು. ಒಬ್ಬ ಅಧ್ಯಕ್ಷರು ತಮ್ಮ ಮೇಲಿನ ದೂರನ್ನು ತಾವೇ ದೇಶಕ್ಕೆ ಓದಿ ಹೇಳುವುದು ಸಣ್ಣ ಮಾತಲ್ಲ. ಆಮೇಲೆ, ನಮ್ಮೊಳಗೇ ಒಂದು ಆತ್ಮವಿಶ್ವಾಸದ ಬಿಕ್ಕಟ್ಟಿದೆ, ಕೊಳ್ಳುವುದರಿಂದ ಬದುಕು ತುಂಬುವುದಿಲ್ಲ ಅಂದರು.

ಜನ ಸಿಟ್ಟಾದರು ಅನ್ನುವುದು ತಪ್ಪು ತಿಳಿವಳಿಕೆ. ಭಾಷಣದ ಮರುದಿನಗಳಲ್ಲಿ ಅವರ ಜನಪ್ರಿಯತೆ ಏರಿತು. ಕೆಡಿಸಿದ್ದು ಎರಡು ದಿನದ ನಂತರದ ಕೆಲಸ. ಇಡೀ ಸಂಪುಟದ ರಾಜೀನಾಮೆ ಕೇಳಿ, ಐವರನ್ನು ಹೊರಗೆ ಕಳಿಸಿದರು. ಧೈರ್ಯ ತುಂಬಿಕೊಳ್ಳಿ ಅಂತ ಹೇಳಿದವರ ಮನೆಯಲ್ಲೇ ಗಲಿಬಿಲಿ ಕಂಡಾಗ ಜನ ಬೆಚ್ಚಿದರು. ಡಾಲರ್ ಬೆಲೆ ಇಳಿಯಿತು.

ವಿದೇಶಾಂಗದಲ್ಲಿ ಏನಾದರೂ ಗೆದ್ದರೇ?

ಗೆದ್ದರು, ದೊಡ್ಡದನ್ನೇ ಗೆದ್ದರು. ಪನಾಮಾ ಕಾಲುವೆಯನ್ನು ಪನಾಮಾಕ್ಕೆ ಮರಳಿಸುವ ಒಪ್ಪಂದ 1978ರಲ್ಲಿ ಸೆನೆಟ್‌ನಲ್ಲಿ 68–32ರಿಂದ ಪಾರಾಯಿತು. ಬೇಕಿದ್ದದ್ದಕ್ಕಿಂತ ಒಂದೇ ಮತ ಹೆಚ್ಚು. ಚೀನಾದ ಜೊತೆ 1979ರ ಜನವರಿ 1ರಿಂದ ಪೂರ್ಣ ರಾಜತಾಂತ್ರಿಕ ಸಂಬಂಧ ಶುರುವಾಯಿತು.

ಆದರೆ ಕ್ಯಾಂಪ್ ಡೇವಿಡ್‌ನ ತೂಕವೇ ಬೇರೆ. 1978ರ ಸೆಪ್ಟೆಂಬರ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್, ಇಸ್ರೇಲಿನ ಪ್ರಧಾನಿ ಬೆಗಿನ್ ಇಬ್ಬರನ್ನೂ 13 ದಿನ ಕಾಡಿನೊಳಗಿನ ಆ ತಾಣದಲ್ಲಿ ಇರಿಸಿಕೊಂಡರು. ಇಬ್ಬರೂ ಎದುರುಬದುರು ಕೂತರೆ ಜಗಳವೇ. ಹಾಗಾಗಿ ಕಾರ್ಟರ್ ತಾವೇ ಕರಡು ಹಿಡಿದು ಒಂದು ಕುಟೀರದಿಂದ ಇನ್ನೊಂದು ಕುಟೀರಕ್ಕೆ ಓಡಾಡಿದರು. ಕೊನೆಯ ದಿನ ಬೆಗಿನ್ ಹೊರಟು ನಿಂತಾಗ, ಮೂವರ ಫೋಟೊಗಳ ಮೇಲೆ ಬೆಗಿನ್ ಅವರ ಮೊಮ್ಮಕ್ಕಳ ಹೆಸರನ್ನು ಒಂದೊಂದಾಗಿ ಬರೆದು ತೆಗೆದುಕೊಂಡು ಹೋದರು. ಹೆಸರು ಓದುತ್ತ ಬೆಗಿನ್ ಕಣ್ಣು ತುಂಬಿಕೊಂಡರು, ಮಾತು ಮುಂದುವರಿಯಿತು. ಮರುವರ್ಷ ಮಾರ್ಚ್ 26ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ನಾಲ್ಕು ಯುದ್ಧ ಮಾಡಿದ್ದ ಈಜಿಪ್ಟ್ ಮತ್ತು ಇಸ್ರೇಲ್ ಆಮೇಲೆ ಪರಸ್ಪರ ಯುದ್ಧ ಮಾಡಿಲ್ಲ. ಪ್ಯಾಲೆಸ್ಟೀನಿಯರ ಪ್ರಶ್ನೆ ಮಾತ್ರ ಬಗೆಹರಿಯದೆ ಉಳಿಯಿತು, ಆ ನೋವು ಕಾರ್ಟರ್‌ಗೆ ಕೊನೆಯವರೆಗೂ ಇತ್ತು.

ಇರಾನಿನಲ್ಲಿ ಎಡವಿದ್ದು ಎಲ್ಲಿ?

1977ರ ಡಿಸೆಂಬರ್ 31ರ ರಾತ್ರಿ ತೆಹರಾನಿನ ಔತಣದಲ್ಲಿ ಕಾರ್ಟರ್ ಇರಾನನ್ನು ಸ್ಥಿರತೆಯ ದ್ವೀಪ ಅಂತ ಹೊಗಳಿದರು. ಒಂದು ವರ್ಷ ಕಳೆಯುವುದರೊಳಗೆ ಜನ ದಂಗೆ ಎದ್ದು, ಅಲ್ಲಿನ ದೊರೆ ಶಾ ದೇಶ ಬಿಟ್ಟು ಓಡುವ ಸ್ಥಿತಿಗೆ ಬಂದಿದ್ದರು. ಮಾನವ ಹಕ್ಕುಗಳನ್ನು ವಿದೇಶ ನೀತಿಯ ತಿರುಳು ಮಾಡಿದವರು, ಜನರನ್ನು ಜೈಲಿಗೆ ತಳ್ಳುತ್ತಿದ್ದ ದೊರೆಯನ್ನು ಹಾಗೆ ಹೊಗಳಬಾರದಿತ್ತು.

ಎರಡನೆಯದು ಇನ್ನೂ ಕಷ್ಟದ್ದು. ಕ್ಯಾನ್ಸರ್ ಆಗಿದ್ದ ಶಾ ಅವರನ್ನು ಚಿಕಿತ್ಸೆಗೆ ಅಮೆರಿಕಕ್ಕೆ ಬಿಟ್ಟುಕೊಳ್ಳಿ ಅಂತ ಪ್ರಭಾವಿಗಳು ತಿಂಗಳುಗಟ್ಟಲೆ ಒತ್ತಾಯಿಸಿದರು. ಕಾರ್ಟರ್ ಬಹಳ ದಿನ ಒಪ್ಪಲಿಲ್ಲ. ನಮ್ಮ ರಾಯಭಾರ ಕಚೇರಿಯವರನ್ನು ಹಿಡಿದುಬಿಟ್ಟರೆ ಏನು ಮಾಡೋಣ ಅಂತ ಅವರೇ ಕೇಳಿದ್ದರು. ಕೊನೆಗೆ ಅಕ್ಟೋಬರ್‌ನಲ್ಲಿ ಒಪ್ಪಿದರು. 1979ರ ನವೆಂಬರ್ 4ರಂದು, ಇದರಿಂದ ಸಿಟ್ಟಾದ ಇರಾನಿನ ವಿದ್ಯಾರ್ಥಿಗಳು ತೆಹರಾನಿನ ಅಮೆರಿಕದ ರಾಯಭಾರ ಕಚೇರಿಯ ಗೋಡೆ ಹಾರಿ, ಅಲ್ಲಿದ್ದವರನ್ನು ಒತ್ತೆಯಾಳಾಗಿ ಹಿಡಿದರು. ಕೆಲವರನ್ನು ಮೊದಲೇ ಬಿಟ್ಟರು. 52 ಜನ 444 ದಿನ ಸೆರೆಯಲ್ಲಿ ಇದ್ದರು.

ಬಾಂಬ್ ಹಾಕಿ ಬಿಡಿಸಿಕೊಂಡು ಬರಬಹುದಿತ್ತಲ್ಲ?

ಬಾಂಬ್ ಹಾಕಿದರೆ ಮೊದಲು ಸಾಯುವವರು ಒತ್ತೆಯಾಳುಗಳೇ. ಕಾರ್ಟರ್ ಇರಾನಿನ ಎಣ್ಣೆ ಖರೀದಿ ನಿಲ್ಲಿಸಿದರು. ಅಮೆರಿಕದ ಬ್ಯಾಂಕುಗಳಲ್ಲಿದ್ದ ಇರಾನಿನ ನೂರಾರು ಕೋಟಿ ಡಾಲರ್ ಹಣವನ್ನು ಮುಟ್ಟುಗೋಲು ಹಾಕಿದರು. ಮಾತುಕತೆ ನಡೆಸಿದರು. ಏನೂ ಆಗಲಿಲ್ಲ.

1980ರ ಏಪ್ರಿಲ್ 24ರಂದು ರಕ್ಷಣಾ ಕಾರ್ಯಾಚರಣೆಗೆ ಎಂಟು ಹೆಲಿಕಾಪ್ಟರ್ ಹೊರಟವು. ಮುಂದುವರಿಯಲು ಕನಿಷ್ಠ ಆರು ಬೇಕು. ಮರಳಿನ ದೂಳು, ಯಂತ್ರದ ದೋಷದಿಂದ ಮರುಭೂಮಿಯ ತಂಗುದಾಣಕ್ಕೆ ಬಂದದ್ದು ಆರು. ಅಲ್ಲಿ ಇನ್ನೊಂದು ಕೆಟ್ಟಿತು. ಐದು ಉಳಿದವು. ವಾಪಸ್ ಬನ್ನಿ ಅಂತ ಆದೇಶ ಹೋಯಿತು. ವಾಪಸಾಗುವ ಗಡಿಬಿಡಿಯಲ್ಲಿ ಒಂದು ಹೆಲಿಕಾಪ್ಟರ್ ಸಾಗಣೆ ವಿಮಾನಕ್ಕೆ ಬಡಿದು ಎಂಟು ಜನ ಸುಟ್ಟು ಸತ್ತರು. ಮರುದಿನ ಬೆಳಿಗ್ಗೆ 7 ಗಂಟೆಗೆ ಕಾರ್ಟರ್ ಟಿವಿಗೆ ಬಂದು, ಹೊಣೆ ನನ್ನದು ಅಂದರು. ಕಾರ್ಯಾಚರಣೆಯನ್ನು ಮೊದಲೇ ವಿರೋಧಿಸಿದ್ದ ವಿದೇಶಾಂಗ ಕಾರ್ಯದರ್ಶಿ ಸೈರಸ್ ವ್ಯಾನ್ಸ್ ರಾಜೀನಾಮೆ ಕೊಟ್ಟರು. ಇನ್ನೊಂದು ಹೆಲಿಕಾಪ್ಟರ್ ಕಳಿಸಿದ್ದರೆ ಅಂತ ಕಾರ್ಟರ್ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಅಫ್ಘಾನಿಸ್ತಾನ, ಒಲಿಂಪಿಕ್ಸ್ ಬಹಿಷ್ಕಾರ ಎಲ್ಲ ಇದೇ ಕಾಲದ್ದೇ?

ಹೌದು. 1979ರ ಡಿಸೆಂಬರ್ ಕೊನೆಯ ವಾರ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಕಾರ್ಟರ್ ಸೋವಿಯತ್‌ಗೆ ಹೋಗುವ ಧಾನ್ಯ ತಡೆದರು. ಪೆಟ್ಟು ಬಿದ್ದದ್ದು ಅಮೆರಿಕದ ರೈತರಿಗೇ. ಸೋವಿಯತ್ ಬೇರೆ ಕಡೆ ಧಾನ್ಯ ಕೊಂಡಿತು. ಮಾಸ್ಕೊ ಒಲಿಂಪಿಕ್ಸ್‌ನಿಂದಲೂ ದೂರ ಉಳಿದರು. ಪಶ್ಚಿಮ ಜರ್ಮನಿ, ಪಾಕಿಸ್ತಾನದಂಥ ಬಲವಾದ ಹಾಕಿ ತಂಡಗಳೂ ಹೋಗಲಿಲ್ಲ. ಭಾರತ ಹೋಯಿತು, ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4–3ರಿಂದ ಚಿನ್ನ ಗೆದ್ದಿತು. ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಅತ್ತ ಅಮೆರಿಕದ ನೂರಾರು ಕ್ರೀಡಾಪಟುಗಳ ನಾಲ್ಕು ವರ್ಷದ ಬೆವರು ವ್ಯರ್ಥವಾಯಿತು. ಸೋವಿಯತ್ ಸೇನೆ 1989ರವರೆಗೆ ಅಫ್ಘಾನಿಸ್ತಾನದಲ್ಲೇ ಇತ್ತು. ಈ ಬಹಿಷ್ಕಾರವನ್ನು ನಾನು ಸಮರ್ಥಿಸಲಾರೆ.

ಅವರ ಸ್ವಂತ ತಪ್ಪು ಯಾವುದು?

ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡರು. ಇಂಧನ, ತೆರಿಗೆ, ಪನಾಮಾ, ಆಡಳಿತ ಸುಧಾರಣೆ ಎಲ್ಲವೂ ಮುಖ್ಯವೇ. ಯಾವುದು ಮೊದಲು ಅಂತ ದೇಶಕ್ಕೆ ತಿಳಿಯಲಿಲ್ಲ. ಎರಡೂವರೆ ವರ್ಷ ಶ್ವೇತಭವನಕ್ಕೆ ಮುಖ್ಯಸ್ಥ ಅಧಿಕಾರಿಯನ್ನೇ ಇಟ್ಟುಕೊಳ್ಳಲಿಲ್ಲ. ಬಂದ ಹೊಸದರಲ್ಲೇ ಅಣೆಕಟ್ಟು ಮತ್ತು ನೀರಿನ ಯೋಜನೆಗಳ ಪಟ್ಟಿ ಹಿಡಿದು ಹಣ ಕಡಿತ ಮಾಡಲು ಹೊರಟರು. ದುಂದುವೆಚ್ಚ ತಡೆಯುವ ಉದ್ದೇಶ ಸರಿ. ಆದರೆ ಆ ಊರುಗಳ ಸಂಸದರಿಗೆ, ತಮ್ಮದೇ ಪಕ್ಷದವರಿಗೆ, ಮೊದಲು ಒಂದು ಮಾತು ಹೇಳಬೇಕಿತ್ತು. ಆ ಮುನಿಸು ಕೊನೆಗೂ ಹೋಗಲಿಲ್ಲ. 1980ರಲ್ಲಿ ಅವರದೇ ಪಕ್ಷದ ಟೆಡ್ ಕೆನಡಿ, ಪಕ್ಷದ ಅಭ್ಯರ್ಥಿ ನಾನಾಗಬೇಕು ಅಂತ ಕಾರ್ಟರ್ ವಿರುದ್ಧವೇ ನಿಂತರು.

ಒತ್ತೆಯಾಳುಗಳು ಬರುವವರೆಗೆ ಪ್ರಚಾರಕ್ಕೆ ಹೋಗುವುದಿಲ್ಲ ಅಂತ ಶ್ವೇತಭವನದಲ್ಲೇ ಕೂತದ್ದೂ ತಪ್ಪಾಯಿತು. ರಾಷ್ಟ್ರೀಯ ಕ್ರಿಸ್‌ಮಸ್ ಮರದ ತುದಿಯ ನಕ್ಷತ್ರವೊಂದನ್ನು ಬಿಟ್ಟು ಉಳಿದ ದೀಪ ಹಚ್ಚಲಿಲ್ಲ. ಟಿವಿ ಸುದ್ದಿಯವರು ಪ್ರತಿ ರಾತ್ರಿ ಇವತ್ತಿಗೆ ಎಷ್ಟನೇ ದಿನ ಅಂತ ಎಣಿಸುತ್ತಿದ್ದರು. ದೇಶದ ಕಣ್ಣೆಲ್ಲ ಆ ಒಂದೇ ಗಾಯದ ಮೇಲೆ ನೆಟ್ಟಿತು.

ಚುನಾವಣೆಯಲ್ಲಿ ಅಷ್ಟು ಕೆಟ್ಟದಾಗಿ ಸೋತದ್ದು ಯಾಕೆ?

ಅಕ್ಟೋಬರ್ 28ರ ಚರ್ಚೆಯಲ್ಲಿ ರೇಗನ್ ಜನರಿಗೆ ಕೇಳಿದರು: ನಾಲ್ಕು ವರ್ಷದ ಹಿಂದಿಗಿಂತ ಈಗ ನಿಮ್ಮ ಸ್ಥಿತಿ ಚೆನ್ನಾಗಿದೆಯೇ? ಅಂಗಡಿಯಲ್ಲಿ ಬೆಲೆ ನೋಡಿ ಬಂದವರಿಗೆ ಉತ್ತರ ಹೇಳಿಕೊಡಬೇಕಿರಲಿಲ್ಲ. ಮತದಾನದ ದಿನ ನವೆಂಬರ್ 4. ರಾಯಭಾರ ಕಚೇರಿ ಹೋಗಿ ಅಂದಿಗೆ ಸರಿಯಾಗಿ ಒಂದು ವರ್ಷ. ಎಲೆಕ್ಟೋರಲ್ ಮತ ರೇಗನ್‌ಗೆ 489, ಕಾರ್ಟರ್‌ಗೆ 49.

ಒತ್ತೆಯಾಳುಗಳು ರೇಗನ್ ಭಯಕ್ಕೆ ಬಿಡುಗಡೆಯಾದರೇ?

ಒಪ್ಪಂದ ಮಾಡಿದ್ದು ಕಾರ್ಟರ್ ಸರ್ಕಾರ, ಅಲ್ಜೀರಿಯಾದ ಮಧ್ಯಸ್ಥಿಕೆಯಲ್ಲಿ, 1981ರ ಜನವರಿ 19ರಂದು. ಕೊನೆಯ ಎರಡು ರಾತ್ರಿ ಕಾರ್ಟರ್ ಕಚೇರಿಯ ಸೋಫಾದ ಮೇಲೆಯೇ ಅಷ್ಟಿಷ್ಟು ಕಣ್ಣು ಮುಚ್ಚಿ ಫೋನ್‌ಗೆ ಕಾದರು. ವಿಮಾನ ತೆಹರಾನ್ ಬಿಟ್ಟದ್ದು ರೇಗನ್ ಪ್ರಮಾಣವಚನ ತೆಗೆದುಕೊಂಡ ಕೆಲವೇ ನಿಮಿಷಗಳ ನಂತರ. ಮರುದಿನ ಕಾರ್ಟರ್ ಮಾಜಿ ಅಧ್ಯಕ್ಷರಾಗಿ ಜರ್ಮನಿಯ ವೀಸ್‌ಬಾಡೆನ್‌ಗೆ ಹೋಗಿ ಅವರನ್ನು ಕಂಡರು. 52 ಜನರೂ ಜೀವಂತ ಮರಳಿದರು. ನನಗೆ ಇದು ಸೋಲು ಅನ್ನಿಸುವುದಿಲ್ಲ.

ಭಾರತದ ಜೊತೆ ನಂಟು ಹೇಗಿತ್ತು?

ಸಿಹಿ, ಕಹಿ ಎರಡೂ. ಅವರ ತಾಯಿ ಲಿಲಿಯನ್ ಅರವತ್ತೆಂಟನೇ ವಯಸ್ಸಿನಲ್ಲಿ ಪೀಸ್ ಕೋರ್ ಎಂಬ ಅಮೆರಿಕದ ಸ್ವಯಂಸೇವಕರ ಸಂಸ್ಥೆ ಸೇರಿ ಮುಂಬೈ ಹತ್ತಿರದ ವಿಕ್ರೋಲಿಯಲ್ಲಿ ನರ್ಸ್ ಆಗಿ ದುಡಿದವರು. 1978ರ ಜನವರಿಯಲ್ಲಿ ಕಾರ್ಟರ್ ಬಂದಾಗ ಹರಿಯಾಣದ ದೌಲತ್‌ಪುರ ನಸೀರಾಬಾದ್ ಎಂಬ ಹಳ್ಳಿ ನೋಡಿದರು. ಊರವರು ಹೆಸರನ್ನೇ ಕಾರ್ಟರ್‌ಪುರಿ ಅಂತ ಬದಲಿಸಿಕೊಂಡರು. ತಾರಾಪುರದ ಅಣು ಸ್ಥಾವರದ ಇಂಧನದ ವಿಷಯದಲ್ಲಿ ಮಾತ್ರ ಮೊರಾರ್ಜಿ ದೇಸಾಯಿ ಜೊತೆ ಜಟಾಪಟಿ. ದೇಸಾಯಿಯವರಿಗೆ ಖಡಕ್ ಪತ್ರ ಬರೆಯೋಣ ಅಂತ ತಮ್ಮವರ ಬಳಿ ಆಡಿದ ಮಾತು ಆನ್ ಆಗಿದ್ದ ಮೈಕಿನಿಂದ ಹೊರಗೆ ಬಂತು.

ಅಧಿಕಾರ ಹೋದ ಮೇಲೆ ಏನು ಮಾಡಿದರು?

ಪ್ಲೇನ್ಸ್‌ನ ಅದೇ ಮನೆಗೆ ಮರಳಿದರು. 1982ರಲ್ಲಿ ಕಾರ್ಟರ್ ಸೆಂಟರ್ ಶುರುಮಾಡಿದರು. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆದರೆ ನನಗೆ ಅವರ ಹೆಸರು ಕೇಳಿದರೆ ನೆನಪಾಗುವುದು ನಾರುಹುಣ್ಣು. ಕೆರೆ, ಬಾವಿಯ ನೀರು ಕುಡಿದು, ವರ್ಷದ ಮೇಲೆ ಕಾಲಿನಿಂದ ಮೊಳದುದ್ದದ ಹುಳ ಹೊರಬರುವ ರೋಗ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ಊರುಗಳಲ್ಲಿ ಹಿರಿಯರನ್ನು ಕೇಳಿ, ಹೇಳುತ್ತಾರೆ. ಭಾರತ ತನ್ನದೇ ಯೋಜನೆಯಿಂದ ಅದನ್ನು ತೊಲಗಿಸಿತು. ಇಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. ಆಫ್ರಿಕಾದ ಹಳ್ಳಿಗಳಲ್ಲಿ ಆ ಕೆಲಸಕ್ಕೆ ಬೆನ್ನಾಗಿ ನಿಂತದ್ದು ಕಾರ್ಟರ್. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗೆ ಇದ್ದ ರೋಗ, ಅವರ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಹದಿನೈದರ ಆಸುಪಾಸಿಗೆ ಇಳಿದಿತ್ತು. ಬಟ್ಟೆಯಲ್ಲಿ ನೀರು ಸೋಸಿ ಕುಡಿಯಿರಿ ಅಂತ ಅವರೇ ಹಳ್ಳಿಗಳಿಗೆ ಹೋಗಿ ಹೇಳುತ್ತಿದ್ದರು.